ಬೀಗರ ಪೈಲ್ವಾನನಿಗೆ ನಾನು ಮಾಡಿದ ಶುಶ್ರೂಷೆ

ದಿನಾಂಕ 18 ಫೆಬ್ರುವರಿ 2006, ಶನಿವಾರ. ಸಮಯ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ: ಬ್ಯಾಡಗಿ, ಬೀಗರ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ನಮ್ಮ ಯಜಮಾನರು, ಬೀಗರಾದ ಚನ್ನಬಸಪ್ಪನವರು, ಅವರ ಮನೆಯವರಾದ ಶಾಂತಕ್ಕ, ನಮ್ಮ ಮಗಳು ಸುಮಾ, ಅಳಿಯ ಮತ್ತು ಪೈಲ್ವಾನ.

ಪೈಲ್ವಾನ ಎಂದರೆ ಮೀನು.

ನಾನು ಮೂವತ್ತನಾಲ್ಕು ವರ್ಷ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು, ಹೆಡ್ ನರ್ಸ್ ಆಗಿ ನಿವೃತ್ತಳಾಗಿ, ಈಗ ರಾಣೇಬೆನ್ನೂರಿನಲ್ಲಿ ಯಜಮಾನರ ಮೇಲೆ ಅಧಿಕಾರ ನಡೆಸುತ್ತಿರುವವಳು. ಅವರು ನಿವೃತ್ತ ಡ್ರಾಯಿಂಗ್ ಮಾಸ್ತರರು. ನಮ್ಮ ಮನೆಯಲ್ಲಿ ಐದಕ್ಕೆ ಏಳುವುದು, ಐದೂವರೆಗೆ ಹಾಸಿಗೆ ಮಡಚುವುದು, ಆರಕ್ಕೆ ಚಹಾ. ಏನೇ ನಡೆದರೂ ನಡೆದ ವೇಳೆಗೆ ಬರೆದಿಡುವುದು ನನ್ನ ಅಭ್ಯಾಸ. ಆ ದಿನದ ಟಿಪ್ಪಣಿ ಈಗಲೂ ನನ್ನ ಹತ್ತಿರ ಇದೆ. ಹರಿದು ಹಾಕಬೇಕೆಂದು ಮೂರು ಸಲ ಎತ್ತಿಕೊಂಡಿದ್ದೆ. ಆದರೆ ದಾಖಲೆ ನಾಶಪಡಿಸುವುದು ನಿಯಮಕ್ಕೆ ವಿರುದ್ಧ!

ಬೀಗರು ಮೆಣಸಿನಕಾಯಿ ವ್ಯಾಪಾರಿ. ಅದಕ್ಕೂ ಒಂದೂವರೆ ವರ್ಷದ ಹಿಂದೆ ಅವರಿಗೆ ಹೃದಯಾಘಾತವಾಗಿತ್ತು. ಮಾರುಕಟ್ಟೆಗೆ ಹೋಗಬೇಡಿ, ಕೂಗಾಡಬೇಡಿ, ಸಿಟ್ಟಾಗಬೇಡಿ ಎಂದು ಡಾಕ್ಟರು ಹೇಳಿದರು. ವ್ಯಾಪಾರಿಗೆ ಈ ಮೂರೂ ಬೇಡವೆಂದರೆ ಉಳಿಯುವುದೇನು? ಅವರು ಗೋಡೆ ನೋಡುತ್ತಾ ಕುಳಿತುಬಿಟ್ಟರು. ಆಗ ನಮ್ಮ ಅಳಿಯ ಆ ಗೋಡೆಯ ಮುಂದೆ ನಾಲ್ಕು ಅಡಿಯ ಗಾಜಿನ ತೊಟ್ಟಿ ತಂದಿಟ್ಟು, ಅದರಲ್ಲಿ ಹೆಬ್ಬೆರಳಿನಷ್ಟು ಉದ್ದದ ಮೀನೊಂದನ್ನು ಬಿಟ್ಟ.

ಆ ಮೀನು ಈಗ ಒಂದು ಗೇಣು ದಾಟಿದೆ. ಕಪ್ಪು ಮೈ, ಅದರ ಮೇಲೆ ಕೆಂಡದಂಥ ಕೆಂಪು ಪಟ್ಟೆ, ದಪ್ಪ ತುಟಿ, ಬಾಲದ ಬುಡದಲ್ಲಿ ಕಣ್ಣಿನಂಥ ಒಂದು ದುಂಡು ಮಚ್ಚೆ. ಜಾತಿ ಆಸ್ಕರ್. ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ನದಿ. ಸದ್ಯದ ವಿಳಾಸ ಬ್ಯಾಡಗಿ. ಬೀಗರು ಕೆಮ್ಮಿದರೆ ಗಾಜಿನ ಹತ್ತಿರ ಓಡಿಬರುತ್ತದೆ. ಅವರ ಬೆರಳಿನಿಂದಲೇ ಗುಳಿಗೆಯಂಥ ಆಹಾರ ಕಿತ್ತು ತಿನ್ನುತ್ತದೆ. ದಿನಾ ಸಂಜೆ ಎರಡು ತಾಸು ಇಬ್ಬರೂ ಎದುರುಬದುರು ಕೂಡುತ್ತಾರೆ.

ಹಿಂದಿನ ರಾತ್ರಿ ಊಟಕ್ಕೆ ಬಡಿಸುತ್ತಾ ಶಾಂತಕ್ಕ ನನ್ನ ಕಿವಿಯಲ್ಲಿ ಹೇಳಿದ್ದರು: "ಅಕ್ಕಾರ, ಅದು ಬಂದ ಮ್ಯಾಲೆ ಇವರು ನಗಾಕ ಕಲತಾರ್ರಿ. ಅದಕ್ಕೇನರ ಆತಂದ್ರ ಇವರ ಹಾರ್ಟು ತಡಿಯಾಂಗಿಲ್ಲ."

ಬೀಗರ ಹೆಸರಿನಲ್ಲಿ ಕದರಮಂಡಲಗಿ ಆಂಜನೇಯನಿಗೆ ಹೊತ್ತ ಹರಕೆ ಒಂದೂವರೆ ವರ್ಷದಿಂದ ಬಾಕಿ ಇತ್ತು. ಅವರು ಹೊರಡಲೊಲ್ಲರು. ಕಾರಣ ಲೋಡ್ ಶೆಡ್ಡಿಂಗ್! ಕರೆಂಟು ಹೋದರೆ ತೊಟ್ಟಿಗೆ ಗಾಳಿ ಊದುವ ಯಂತ್ರ ನಿಲ್ಲುತ್ತದೆ, ಪೈಲ್ವಾನನಿಗೆ ಉಸಿರು ಕಟ್ಟುತ್ತದೆ, ನೋಡಿಕೊಳ್ಳುವವರು ಯಾರು?

"ನಾನು!" ಎಂದೆ.

"ಅಕ್ಕಾರ, ಕರೆಂಟ್ ಹೋದ್ರ ತಂಬಗಿಲೆ ನೀರು ತುಂಬಿ ಮ್ಯಾಲಿಂದ ಹೊಯ್ಯೂದು. ಗುಳ್ಳಿ ಏಳಬೇಕು. ಅಷ್ಟ ನೋಡ್ರಿ, ಮತ್ತೇನಿಲ್ಲ," ಎಂದರು ಬೀಗರು.

"ಬೀಗರ, ನಾನು ಆಕ್ಸಿಜನ್ ಸಿಲಿಂಡರ್ ಮುಂದ ಅರ್ಧ ಆಯುಷ್ಯ ಕಳದೇನಿ. ನೀವು ನಿಶ್ಚಿಂತಿ ಹೋಗಿ ಬರ್ರಿ."

"ಸಂಜಿ ಆರಕ್ಕ ಬರ್ತೇವ್ರಿ."

"ಆರಕ್ಕ ನಿಮ್ಮ ಪೈಲ್ವಾನನ್ನ ಸಹಿ ಮಾಡಿ ಒಪ್ಪಿಸ್ತೇನಿ!"

ಆರೂವರೆಗೆ ಬೀಗರು, ಶಾಂತಕ್ಕ, ಸುಮಾ, ಅಳಿಯ ನಾಲ್ವರನ್ನೂ ಹತ್ತಿಸಿಕೊಂಡು ಜೀಪು ಹೊರಟಿತು. ಆರು ಮೂವತ್ತೈದಕ್ಕೆ ನಾನು ರೌಂಡ್ಸ್ ಆರಂಭಿಸಿದೆ.

ನೋಡಿದರೆ ಏನು ಹೇಳಲಿ! ಗಾಜಿನ ಒಳಬದಿಗೆ ಹಸಿರು ಪಾಚಿ. ತಳದ ಕಲ್ಲುಗಳ ಸಂದಿಯಲ್ಲಿ ಕಂದು ಹೊಲಸು. ನೀರು ಸೋಸುವ ಸ್ಪಂಜು ಗಾಣದ ಹಿಂಡಿಯಂತಾಗಿತ್ತು. ನನ್ನ ವಾರ್ಡಿನಲ್ಲಿ ಒಬ್ಬ ರೋಗಿಯ ಮಂಚದ ಕೆಳಗೆ ಇಷ್ಟು ಹೊಲಸು ಕಂಡಿದ್ದರೆ ಇಬ್ಬರು ಆಯಾಗಳಿಗೆ ನೋಟಿಸು ಹೋಗುತ್ತಿತ್ತು. ಹೃದಯರೋಗಿಯೊಬ್ಬರು ದಿನಾ ಎರಡು ತಾಸು ಇದರ ಎದುರು ಕೂಡುವುದೆಂದರೇನು?

"ರೀ, ಧೋತ್ರ ಮ್ಯಾಲೆ ಕಟ್ರಿ," ಎಂದೆ.

ಯಜಮಾನರು ಪೇಪರಿನಿಂದ ಮುಖ ಎತ್ತಿದರು. "ಬೀಗರು ನಿನಗ ಹೇಳಿದ್ದು ನೋಡಿಕೋ ಅಂತ. ತೊಳಿ ಅಂತಲ್ಲ."

"ನೋಡಿದ ಮ್ಯಾಲೆ ತೊಳೀದ ಇರೂದು ಹೆಂಗ್ರಿ?"

"ನನ್ನ ನೀನು ಮೊದಲ ನೋಡಿ ಮೂವತ್ತೆಂಟು ವರ್ಷ ಆತು. ನನ್ನೂ ಬಿಟ್ಟಿಲ್ಲ ನೀನು," ಎನ್ನುತ್ತಾ ಪಾಪ, ಧೋತ್ರ ಕಟ್ಟಿದರು.

ಮೊದಲು ರೋಗಿಯ ಸ್ಥಳಾಂತರ. ಬಲೆ ಸಿಗಲಿಲ್ಲ. ಶಾಂತಕ್ಕನ ಹಿಟ್ಟಿನ ಜರಡಿ ಸಿಕ್ಕಿತು. (ಈ ವಿಷಯ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ. ಆಗಿದ್ದಾಗಲಿ.) ಜರಡಿ ನೀರಿಗಿಳಿದದ್ದೇ ತಡ, ಪೈಲ್ವಾನ ನಮ್ಮಿಬ್ಬರ ಮುಖಕ್ಕೂ ಬಾಲದಿಂದ ತಲಾ ಒಂದು ಕೊಟ್ಟು, ಗೋಡೆಯ ಕ್ಯಾಲೆಂಡರಿನವರೆಗೆ ನೀರು ಚಿಮ್ಮಿಸಿ, ಯಜಮಾನರ ತೋರುಬೆರಳು ಕಚ್ಚಿ, ಕೊನೆಗೆ ಬಕೆಟ್ಟಿಗೆ ಬಿದ್ದ. ಮೇಲೆ ಮುಚ್ಚಳ ಹಾಕಿ, ಮುಚ್ಚಳದ ಮೇಲೆ ರುಬ್ಬುವ ಗುಂಡು ಇಟ್ಟೆ.

ಆಮೇಲೆ ನಾನು ಮಾಡಿದ ಕೆಲಸ ಅಂಥಿಂಥದ್ದಲ್ಲ. ಹಳೆಯ ನೀರೆಲ್ಲ ಹೊರಗೆ. ಗಾಜು ತಿಕ್ಕಿದೆ. ಕಲ್ಲುಗಳನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿದೆ. ಸ್ಪಂಜನ್ನೂ ಬೇಯಿಸಿದೆ. ಗುಡ್ಡದಂತೆ ಅಡ್ಡಾದಿಡ್ಡಿ ಬಿದ್ದಿದ್ದ ಕಲ್ಲುಗಳನ್ನು ದೊಡ್ಡದು, ಮಧ್ಯಮ, ಸಣ್ಣದು ಎಂದು ವಿಂಗಡಿಸಿ ವಾರ್ಡಿನ ಮಂಚಗಳಂತೆ ಎರಡು ಸಾಲಿನಲ್ಲಿ ಜೋಡಿಸಿದೆ. ನಡುವೆ ಓಡಾಡಲು ದಾರಿ! ಹಿತ್ತಲ ಟಾಕಿಯಲ್ಲಿ ಮೂರು ದಿನದಿಂದ ತುಂಬಿಟ್ಟಿದ್ದ ನೀರನ್ನು ಯಜಮಾನರು ಕೊಡದಲ್ಲಿ ಹೊತ್ತು ತಂದು ಸುರಿದರು. ತೊಟ್ಟಿಯಲ್ಲಿ ನೀರಿದೆಯೋ ಇಲ್ಲವೋ ಎಂದು ಬೆರಳು ಅದ್ದಿ ನೋಡಬೇಕು, ಅಷ್ಟು ತಿಳಿ.

ಎಂಟು ಹದಿನೈದಕ್ಕೆ ಪೈಲ್ವಾನನನ್ನು ಒಳಗೆ ಬಿಟ್ಟೆ. ಆತ ಬಲಕ್ಕೆ ನೋಡಿದ. ಎಡಕ್ಕೆ ನೋಡಿದ. ಎರಡು ಸಾಲಿನ ನಡುವಿನ ದಾರಿ ನೋಡಿದ. ಕೆಂಪು ಪಟ್ಟೆಗಳು ನೋಡನೋಡುತ್ತಲೇ ಬೂದಿ ಬಣ್ಣಕ್ಕೆ ತಿರುಗಿದವು. ಮೆಲ್ಲಗೆ ತಳಕ್ಕಿಳಿದು, ಮಧ್ಯಮ ಗಾತ್ರದ ಕಲ್ಲುಗಳ ಪಕ್ಕದಲ್ಲಿ ಅಡ್ಡ ಬಿದ್ದ.

"ಪೈಲ್ವಾನ ಚಿತ್!" ಎಂದರು ಯಜಮಾನರು.

"ಬಾಯಿ ಮುಚ್ರಿ. ಉಸಿರು ಐತಿ."

ಕಿವಿರು ಮೆಲ್ಲಗೆ ಆಡುತ್ತಿತ್ತು. ಗಡಿಯಾರ ಹಿಡಿದು ಎಣಿಸಿದೆ. ನಿಮಿಷಕ್ಕೆ ಅರವತ್ತು. ಮನುಷ್ಯನಾಗಿದ್ದರೆ ಡಾಕ್ಟರನ್ನು ಕೂಗಬೇಕಾದ ಸಂಖ್ಯೆ. ಮೀನಿಗೆ ಎಷ್ಟಿರಬೇಕು? ಯಾರಿಗೆ ಗೊತ್ತು! ನನಗೆ ಕಾಣುತ್ತಿದ್ದದ್ದು ಮೀನಲ್ಲ. ಆರು ಗಂಟೆಗೆ ಪ್ರಸಾದ ಹಿಡಿದು ಬಂದು, ಕೆಮ್ಮಿ, ಗಾಜಿನ ಮುಂದೆ ನಿಂತು ಎದೆ ಹಿಡಿದುಕೊಳ್ಳುವ ಬೀಗರು!

ಧೈರ್ಯ ತಂದುಕೊಂಡೆ. ಮೊದಲು ಜ್ವರ ನೋಡೋಣ. ನನ್ನ ಚೀಲದಲ್ಲಿ ಥರ್ಮಾಮೀಟರ್ ಯಾವಾಗಲೂ ಇರುತ್ತದೆ. ನೀರಿಗೆ ಅದ್ದಿ ಮೂರು ನಿಮಿಷ ಹಿಡಿದೆ. ಪಾದರಸ ಕದಲಲೇ ಇಲ್ಲ. ಮತ್ತೆ ಮೂರು ನಿಮಿಷ. ಇಲ್ಲ. ಮನುಷ್ಯರ ಥರ್ಮಾಮೀಟರು ತೊಂಬತ್ತನಾಲ್ಕು ಡಿಗ್ರಿಗಿಂತ ಕೆಳಗೆ ಏನನ್ನೂ ತೋರಿಸುವುದಿಲ್ಲ. ಆಸ್ಪತ್ರೆಯ ಲೆಕ್ಕದಲ್ಲಿ ರೋಗಿ ಹೋಗಿ ಬಹಳ ಹೊತ್ತಾಗಿತ್ತು!

"ಥಂಡಿ ಹತ್ತೈತಿ," ಎಂದು ನಿರ್ಣಯಿಸಿದೆ. ಬಿಸಿನೀರಿನ ರಬ್ಬರ್ ಚೀಲ ತುಂಬಿ ತೊಟ್ಟಿಯ ಗಾಜಿಗೆ ಒತ್ತಿ, ಯಜಮಾನರ ಶಾಲಿನಿಂದ ತೊಟ್ಟಿಯ ಸುತ್ತ ಕಟ್ಟಿದೆ. ಎರಡು ಚಮಚ ಉಪ್ಪು ಹಾಕಿದೆ.

"ಒಗ್ಗರಣಿ ಯಾವಾಗ?" ಎಂದರು ಯಜಮಾನರು. ಹದಿನೈದು ನಿಮಿಷಕ್ಕೊಮ್ಮೆ ಉಸಿರು ಎಣಿಸಿ ಚಾರ್ಟಿನಲ್ಲಿ ಬರೆಯತೊಡಗಿದೆ.

ಒಂಬತ್ತೂವರೆಗೆ ನಲವತ್ತೆಂಟು.

ಅದೇ ಹೊತ್ತಿಗೆ ಪಕ್ಕದ ಮನೆಯ ನಿಂಗವ್ವ ಬೋಗುಣಿ ಕೇಳಲು ಬಂದಳು. ಶಾಲು ಹೊದ್ದ ಮೀನಿನ ತೊಟ್ಟಿ ನೋಡಿ ಬೋಗುಣಿ ಮರೆತಳು.

"ಯವ್ವಾ! ಇದಕ್ಕೇನಾತ್ರಿ ನರ್ಸಬಾಯಾರ?"

"ಸ್ವಲ್ಪ ಆರಾಮಿಲ್ಲ. ಯಾರ ಮುಂದೂ ಹೇಳಬ್ಯಾಡ."

"ನಾ ಯಾರ ಮುಂದ ಹೇಳ್ಲಿ? ದೃಷ್ಟಿ ಆಗೇತ್ರಿ ಇದಕ್ಕ. ಓಣಿ ಮಂದಿ ಎಲ್ಲಾ ಕಿಡಕ್ಯಾಗ ನಿಂತು ನೋಡಿ ಹೊಕ್ಕಾರ. ತಡೀರಿ."

ನಾನು ಬೇಡವೆನ್ನುವಷ್ಟರಲ್ಲಿ ಏಳು ಒಣ ಮೆಣಸಿನಕಾಯಿ ತಂದು, ತೊಟ್ಟಿಗೆ ಮೂರು ಸುತ್ತು ಇಳಿಸಿ, ಒಲೆಯ ಕೆಂಡಕ್ಕೆ ಹಾಕಿಬಿಟ್ಟಳು. ಮೂಗು ಮುಂದೆ ಮಾಡಿ ನಿಂತಳು. ಯಾರಿಗೂ ಕೆಮ್ಮು ಬರಲಿಲ್ಲ.

"ನೋಡಿದ್ರ್ಯಾ! ಒಂದೀಟೂ ಘಾಟು ಇಲ್ಲ. ಹಂಗಂದ್ರ ಬಾಳ ಕೆಟ್ಟ ದೃಷ್ಟಿ!"

ಯಜಮಾನರು ಮೆಲ್ಲಗೆ ಹೇಳಿದರು: "ನಿಂಗವ್ವ, ಇದು ಬ್ಯಾಡಗಿ ಕಾಯಿ. ಬಣ್ಣ ಐತಿ, ಘಾಟು ಎಲ್ಲೈತಿ? ಈ ಊರಾಗ ಯಾರಿಗೆ ಇಳಿಸಿದ್ರೂ ದೃಷ್ಟಿ ಆಗೇತಂತನ ಬರತೈತಿ."

ನಿಂಗವ್ವ ಒಂದು ಕ್ಷಣ ಯೋಚಿಸಿದಳು. "ಹಂಗಾರ ನನ್ನ ಕಣ್ಣು ಕೆಟ್ಟದ್ದಂತ ನಮ್ಮ ಅತ್ತಿ ಕೈಲೆ ಇಪ್ಪತ್ತು ವರ್ಷ ನಾ ಸುಮ್ಮನ ಬೈಸಿಕೊಂಡೆ ಬಿಡ್ರಿ!" ಎಂದಳು.

ಹತ್ತು ಗಂಟೆಗೆ ಕರೆಂಟು ಹೋಯಿತು.

ಗುಳ್ಳೆ ನಿಂತಿತು. ಯಂತ್ರದ ಗುಂಯ್ ಸದ್ದೂ ನಿಂತಿತು. ತಂಬಿಗೆ ಹಿಡಿದೆ. ತುಂಬುವುದು, ಎತ್ತುವುದು, ಹೊಯ್ಯುವುದು. ತುಂಬುವುದು, ಎತ್ತುವುದು, ಹೊಯ್ಯುವುದು. ಹನ್ನೊಂದಕ್ಕೆ ಉಸಿರು ನಲವತ್ತು. ಇಳಿಯುತ್ತಿದೆ! ಇದೇ ಲೆಕ್ಕದಲ್ಲಿ ಇಳಿದರೆ ಬೀಗರು ಬರುವ ಹೊತ್ತಿಗೆ ಏನು ಉಳಿಯುತ್ತದೆ?

ಆಗ ನನಗೆ ಅಡ್ಡ ಬುದ್ಧಿ ಹೊಳೆಯಿತು. ಜೀವಮಾನದಲ್ಲಿ ಒಂದೂ ಸುಳ್ಳು ಚಾರ್ಟು ಬರೆದವಳಲ್ಲ ನಾನು. ಆದರೆ ಬೀಗರ ಹೃದಯದ ಪ್ರಶ್ನೆ.

"ರೀ, ಹಾವೇರಿಗೆ ಹೋಗ್ರಿ. ಅಲ್ಲಿ ಬಣ್ಣದ ಮೀನಿನ ಅಂಗಡಿ ಐತಂತ. ಥೇಟ್ ಇಂಥಾದ್ದ ಇನ್ನೊಂದು ತರ್ರಿ."

"ಅಂದ್ರ ಬದಲಿ ಪೈಲ್ವಾನ?"

"ಇವಗೇನರ ಆದ್ರ ಬೇಕಲ್ಲ! ಕೆಂಪು ಪಟ್ಟಿ, ದಪ್ಪ ತುಟಿ, ಬಾಲದ ಬುಡಕ್ಕ ಕಣ್ಣಿನಂಥ ಮಚ್ಚಿ. ಗುರುತು ನೆನಪಿಡ್ರಿ. ಮತ್ತ ಕೇಳ್ರಿ, ಅಂಗಡ್ಯಾಂವಗ ಇಲ್ಲಿ ಏನಾಗೇತಂತ ಒಂದಕ್ಷರ ಹೇಳಬ್ಯಾಡ್ರಿ. ರೋಗಿಯ ವಿಷಯ ಹೊರಗ ಹೋಗಬಾರದು."

ಯಜಮಾನರು ಹಾಳೆಯ ಮೇಲೆ ಪೆನ್ಸಿಲಿನಿಂದ ಪೈಲ್ವಾನನ ಚಿತ್ರ ಬರೆದುಕೊಂಡು, ಮಚ್ಚೆಗೆ ನೆರಳನ್ನೂ ಕೊಟ್ಟು, ಹನ್ನೊಂದೂ ಕಾಲರ ಬಸ್ಸಿಗೆ ಹೋದರು.

ನಾನು ಮತ್ತು ನಿಂಗವ್ವ ಸರದಿಯ ಮೇಲೆ ನೀರು ಹೊಯ್ದೆವು. ಅವಳು ಹೊಯ್ಯುವಾಗ ಅಭಿಷೇಕ ಮಾಡಿದಂತೆ ಕಣ್ಣು ಮುಚ್ಚುತ್ತಿದ್ದಳು. ಅರ್ಧ ನೀರು ನೆಲಕ್ಕೆ. ಹನ್ನೆರಡೂವರೆಗೆ ಉಸಿರು ಮೂವತ್ತಾರು. ನನ್ನ ಬಲಗೈ ಭುಜದಿಂದ ಕಳಚಿ ಬೀಳುವಂತಾಗಿತ್ತು. ಅಷ್ಟರಲ್ಲಿ ಫೋನು ರಿಂಗಾಯಿತು. ಯಜಮಾನರೇ ಇರಬೇಕೆಂದು ಓಡಿಹೋಗಿ ಎತ್ತಿದೆ.

"ಅದರಂಥಾದ್ದ ಇನ್ನೊಂದು ಸಿಕ್ತೇನ್ರಿ?"

ಆ ಕಡೆಯಿಂದ ಬೀಗರ ದನಿ: "ಯಾವುದರಂಥಾದ್ದು ಅಕ್ಕಾರ?"

ಕಣ್ಣಿಗೆ ಬಿದ್ದದ್ದು ಅಡುಗೆಮನೆಯ ಗೂಟಕ್ಕೆ ತೂಗುಹಾಕಿದ್ದ ಜರಡಿ. ಪೈಲ್ವಾನನ ಒಂದು ಹುರುಪೆ ಇನ್ನೂ ಅಂಟಿತ್ತು.

"ಜರಡಿರೀ. ಹಿಟ್ಟಿನ ಜರಡಿ. ನಮ್ಮನಿಗೂ ಒಂದು ಬೇಕಾಗಿತ್ತು."

"ಹೌದೇನ್ರಿ? ಹರಕಿ ಎಲ್ಲಾ ಛಲೋ ಮುಗೀತ್ರಿ. ಊಟಕ್ಕ ಕುಂದ್ರಾಕತ್ತೇವಿ. ಪೈಲ್ವಾನ ಹೆಂಗದಾನ?"

ಆಸ್ಪತ್ರೆಯಲ್ಲಿ ಸಂಬಂಧಿಕರಿಗೆ ಹೇಳುವ ಮಾತೊಂದಿದೆ. ಅದೇ ನಾಲಿಗೆಗೆ ಬಂತು. "ಸ್ಟೇಬಲ್ ಅದಾನ್ರಿ. ವಿಶ್ರಾಂತಿ ತಗೊಳ್ಳಾಕತ್ತಾನ."

"ಹಗಲೊತ್ತಿನ್ಯಾಗ ಮಕ್ಕೊಂಡಾನ?" ಬೀಗರ ದನಿ ಬದಲಾಯಿತು. "ಶಾಂತಾ, ಲಗೂ ಊಟ ಮುಗಸ್ರಿ. ಆರರತನಕ ಕಾಯೂದು ಬ್ಯಾಡ, ಐದಕ್ಕ ಮನಿ ಮುಟ್ಟೂಣು."

ಫೋನು ಇಟ್ಟುಬಿಟ್ಟರು. ನನ್ನ ಒಂದು ತಾಸು ಹೋಯಿತು!

ಎರಡು ಗಂಟೆಗೆ ಕರೆಂಟು ಬಂತು. ಮೂರಕ್ಕೆ ಉಸಿರು ಮೂವತ್ತು. ಪೈಲ್ವಾನ ಕದಲಿರಲಿಲ್ಲ. ಒಂದು ಕಣ್ಣು ಮೇಲಕ್ಕಿತ್ತು, ನನ್ನ ಕಡೆಗೇ. ಸತ್ತವರ ಕಣ್ಣು ಬಹಳ ಕಂಡಿದ್ದೇನೆ, ಹೆದರಿಲ್ಲ. ಈ ಕಣ್ಣು ಬೇರೆ. ಇದರಲ್ಲಿ ಆಪಾದನೆ ಇತ್ತು. ನಿಂಗವ್ವ ತನ್ನ ಮನೆಗೆ ಹೋದಳು. ನಾನು ಊಟ ಮಾಡಲಿಲ್ಲ. ನಾಲ್ಕಕ್ಕೆ ಇಪ್ಪತ್ತೆಂಟು.

ನಾಲ್ಕು ನಲವತ್ತಕ್ಕೆ ಯಜಮಾನರು ಬಂದರು. ಬಸ್ಸು ಮೋಟೆಬೆನ್ನೂರಿನ ಹತ್ತಿರ ಪಂಕ್ಚರ್ ಆಗಿತ್ತಂತೆ. ಹಣೆ ತುಂಬ ಬೆವರು, ಮುಖದ ತುಂಬ ವಿಜಯ. ಕೈಯಲ್ಲಿ ಗಾಳಿ ತುಂಬಿ ಉಬ್ಬಿದ ಪ್ಲಾಸ್ಟಿಕ್ ಚೀಲ. ಒಳಗೆ ನೀರು. ನೀರಿನಲ್ಲಿ...

"ಎಲ್ಲೈತ್ರಿ?"

"ಸರಿಯಾಗಿ ನೋಡು."

ನೋಡಿದೆ. ಕೆಂಪು ಪಟ್ಟೆ ಇತ್ತು. ದಪ್ಪ ತುಟಿ ಇತ್ತು. ಬಾಲದ ಬುಡದಲ್ಲಿ ಮಚ್ಚೆ ಇತ್ತು. ಎಲ್ಲ ಸೇರಿ ನನ್ನ ಕಿರುಬೆರಳಿನಷ್ಟಿತ್ತು!

"ಇದೇನ್ರಿ ಇದು!"

"ನೀ ಹೇಳಿದ ಗುರುತೆಲ್ಲಾ ಸರಿ ಐತಿಲ್ಲೋ? ಅಳತಿ ಹೇಳಿದ್ಯಾ? ಚಿತ್ರ ನೋಡಿದ ಕೂಡ್ಲೆ ಅಂಗಡ್ಯಾಂವ 'ಆಸ್ಕರ್' ಅಂದ. ಇಷ್ಟ ಸಣ್ಣದ ಇರೂದು ಅವನ ಹತ್ರ."

"ಬೀಗರಿಗೆ ಏನಂತ ಹೇಳೂದ್ರಿ?"

ಯಜಮಾನರು ಗಂಭೀರವಾಗಿ ಆಲೋಚಿಸಿದರು. "ಹತ್ತಿ ಅಂಗಿ ಮೊದಲನೇ ನೀರಿಗೆ ಹಾಕಿದ್ರ ಗಿಡ್ಡ ಆಗತೈತಲ್ಲ. ನೀರು ಬದಲಿ ಆತು, ಪೈಲ್ವಾನ ಬತ್ತಿದಾ ಅಂತ ಹೇಳೂದು."

ಅಳಬೇಕೋ ಬಡಿಯಬೇಕೋ ತಿಳಿಯಲಿಲ್ಲ. ಆದರೆ ಚೀಲದ ಮೂಲೆಯಿಂದ ನೀರು ಸೋರುತ್ತಿತ್ತು. ಹೊಸ ರೋಗಿಗೆ ಕೂಡಲೇ ಜಾಗ ಕೊಡಬೇಕು. ಚೀಲವನ್ನು ಹದಿನೈದು ನಿಮಿಷ ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟು, ಆಮೇಲೆ ಬಾಯಿ ಬಿಚ್ಚಬೇಕೆಂದು ಅಂಗಡಿಯವನು ಹೇಳಿದ್ದನಂತೆ. ಸರಿಯಾಗಿ ಹದಿನೈದು ನಿಮಿಷ ಗಡಿಯಾರ ನೋಡಿದೆ. ಹದಿನಾಲ್ಕನೆಯ ನಿಮಿಷಕ್ಕೆ ಕೆಳಗೆ ಮಲಗಿದ್ದ ಪೈಲ್ವಾನನ ಮೇಲುಗಣ್ಣು ಒಮ್ಮೆ ತಿರುಗಿದಂತಾಯಿತು. ಭ್ರಮೆ ಇರಬೇಕು.

ಚೀಲದ ಬಾಯಿ ಬಿಚ್ಚಿದೆ. ಮರಿ ಹೊರಗೆ ಬಂತು. ವಾರ್ಡಿನ ನಡುದಾರಿಯಲ್ಲಿ ಎರಡು ಹೆಜ್ಜೆ ಅಲ್ಲ, ಎರಡು ಬಾಲ ಹಾಕಿತು.

ಪೈಲ್ವಾನ ಎದ್ದ!

ಎಂಟೂವರೆ ತಾಸು ಅಡ್ಡ ಬಿದ್ದಿದ್ದ ಪ್ರಾಣಿ ಅದೆಂದು ಯಾರೂ ಹೇಳಲಾರರು. ತಳದಿಂದ ಬಾಣದಂತೆ ಬಂದ, ಬಾಯಿ ತೆರೆದ, ಮುಚ್ಚಿದ. ಬದಲಿ ಪೈಲ್ವಾನ ಇದ್ದಲ್ಲಿ ಈಗ ನೀರಿನ ಸುಳಿ ಮಾತ್ರ ಇತ್ತು. ಅಸಲಿ ಪೈಲ್ವಾನನ ದಪ್ಪ ತುಟಿಯ ನಡುವಿನಿಂದ ಸಣ್ಣದೊಂದು ಬಾಲ ಹೊರಗೆ ಚಾಚಿತ್ತು, ಅದರ ಬುಡದಲ್ಲಿ ಕಣ್ಣಿನಂಥ ಮಚ್ಚೆ.

"ಗುರುತು ಪಕ್ಕಾ ಐತಿ," ಎಂದರು ಯಜಮಾನರು ಸಣ್ಣ ದನಿಯಲ್ಲಿ.

ಹೊರಗೆ ಜೀಪು ನಿಂತ ಸದ್ದಾಯಿತು.

ಬೀಗರು ಚಪ್ಪಲಿ ಬಿಡುವುದರೊಳಗೆ ನಾನು ಬಾಗಿಲಲ್ಲಿದ್ದೆ. ಪೈಲ್ವಾನ ಎದ್ದಿದ್ದ ನಿಜ, ಆದರೆ ಮತ್ತೆ ಬೀಳುವುದಿಲ್ಲವೆಂದು ಯಾರು ಹೇಳಬಲ್ಲರು? ಸುಳ್ಳು ಹೇಳುವ ಧೈರ್ಯ ಮಧ್ಯಾಹ್ನದ ಜರಡಿಗೇ ಮುಗಿದಿತ್ತು. ಇರುವುದನ್ನು ಇದ್ದಂತೆ ಹೇಳುವುದು, ಆದರೆ ಶಾಸ್ತ್ರೋಕ್ತವಾಗಿ ಹೇಳುವುದು ಎಂದು ನಿಶ್ಚಯಿಸಿದೆ. ಹೃದಯರೋಗಿಗೆ ಕೆಟ್ಟ ಸುದ್ದಿ ಹೇಳುವ ಕ್ರಮವೇ ಬೇರೆ. ನಿಂತಾಗ ಹೇಳಬಾರದು. ಬೀಗರ ತೋಳು ಹಿಡಿದು ಒಳಗೆ ತಂದು ಆರಾಮ ಕುರ್ಚಿಯಲ್ಲಿ ಕೂರಿಸಿದೆ. ಬೆನ್ನಿಗೆ ಎರಡು ತಲೆದಿಂಬು. ಕಾಲ ಕೆಳಗೆ ಮಣೆ. ಕೈಗೆ ನೀರು. ಅಂಗಿಯ ಮೇಲಿನ ಗುಂಡಿ ಬಿಚ್ಚಿದೆ. ಮಣಿಕಟ್ಟು ಹಿಡಿದು ನಾಡಿ ನೋಡಿದೆ. ಎಪ್ಪತ್ತಾರು. ಉತ್ತಮ.

ಅವರ ಕಣ್ಣಲ್ಲಿ ಕಣ್ಣಿಟ್ಟು, ಮೆಲು ದನಿಯಲ್ಲಿ ಆರಂಭಿಸಿದೆ: "ಬೀಗರ, ಮನಸ್ಸು ಗಟ್ಟಿ ಮಾಡ್ಕೋರಿ. ಎಲ್ಲಾ ದೇವರ ಇಚ್ಛಾ."

ನಾಡಿ ತೊಂಬತ್ತು.

"ಏನಾತ್ರಿ?"

"ನಮ್ಮ ಕೈಲಾದ ಪ್ರಯತ್ನ ಎಲ್ಲಾ ಮಾಡಿದ್ವಿ."

ನೂರಾ ಹತ್ತು! ಬೀಗರ ತುಟಿ ಬೆಳ್ಳಗಾಯಿತು. "ಯಾರು... ಯಾರು ಹೋದರ್ರಿ? ಸವಣೂರಿನ ನಮ್ಮಕ್ಕನೇನು?"

ಇದನ್ನು ಕೇಳಿದ್ದೇ ತಡ ಶಾಂತಕ್ಕ ಪ್ರಸಾದದ ಬುಟ್ಟಿ ಕೆಳಗಿಟ್ಟು, "ಯವ್ವಾ, ಸವಣೂರಕ್ಕಾ!" ಎಂದು ಅಳಲು ಶುರುಮಾಡಿದರು. ನಮ್ಮ ಸುಮಾ ಅಂಗಳದಿಂದ ಓಡಿಬಂದು, ಯಾರೆಂದು ಕೇಳದೆ ತಾನೂ ಅಳತೊಡಗಿದಳು. ಅಳಿಯ ಸವಣೂರಿಗೆ ಫೋನು ಮಾಡಲು ಹೋದ. ಬೀಗರ ನಾಡಿ ನನ್ನ ಬೆರಳ ಕೆಳಗೆ ಕುದುರೆಯಂತೆ ಓಡುತ್ತಿತ್ತು. ಇಡೀ ದಿನ ಯಾವುದನ್ನು ತಪ್ಪಿಸಲು ಹೆಣಗಿದ್ದೆನೋ ಅದನ್ನು ನಾನೇ ಕೈಯಾರೆ ಮಾಡುತ್ತಿದ್ದೆ!

"ಇಲ್ರಿ! ಯಾರೂ ಸತ್ತಿಲ್ರಿ!" ಎಂದು ಕಿರುಚಿದೆ. "ನಾ ಪೈಲ್ವಾನನ ತೊಟ್ಟಿ ತೊಳದೇನ್ರಿ! ಅಂವ ಹೊತ್ತು ಏರಿದಾಗಿಂದ ಅಡ್ಡ ಬಿದ್ದಿದ್ದ!"

ಅಳು ಅರ್ಧಕ್ಕೇ ನಿಂತಿತು. ಬೀಗರು ನನ್ನನ್ನು ನೋಡಿದರು, ತೊಟ್ಟಿಯನ್ನು ನೋಡಿದರು.

"ಅಷ್ಟನ?"

"ಅಷ್ಟರಿ."

"ಅಕ್ಕಾರ, ಅಂವ ಸಿಟ್ಟಾಗಿದ್ದಾ. ಈ ಜಾತಿ ಹಂಗನ. ಕಲ್ಲು ಸರಸಿದ್ರ, ನೀರು ಪೂರಾ ಬದಲಿ ಮಾಡಿದ್ರ ಸೆಟಗೊಂಡು ಅಡ್ಡ ಬೀಳತಾನ. ನಾ ತಪಾಸಣಿಗಂತ ದವಾಖಾನಿಗೆ ಹೋದಾಗ ಎರಡು ದಿನ ಬಿದ್ದಿದ್ದ. ಮೀನಿನ ಅಂಗಡ್ಯಾಂವನ್ನ ಕೇಳಿದ್ರೂ ಹೇಳತಿದ್ದ."

ಯಜಮಾನರು ನನ್ನ ಕಡೆ ನೋಡಿದರು. ಒಂದಕ್ಷರ ಹೇಳಬೇಡಿ ಎಂದವಳು ನಾನೇ ಎಂದು ಅವರು ಬಾಯಿ ಬಿಟ್ಟು ಹೇಳಲಿಲ್ಲ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಬೀಗರು ಎದ್ದು ಹೋಗಿ ತೊಟ್ಟಿಯ ಮುಂದೆ ಕೆಮ್ಮಿದರು. ಪೈಲ್ವಾನ ಗಾಜಿಗೆ ಬಂದ. ಪಟ್ಟೆಗಳು ಮತ್ತೆ ಕೆಂಪಗಾಗಿದ್ದವು. ಬಾಲದ ತುದಿ ಇನ್ನೂ ತುಟಿಯಲ್ಲಿತ್ತು. "ಏನೋ ತಿನ್ನಿಸೀರಿ?" ಎಂದು ಕೇಳಿದರು. ಯಜಮಾನರು ಜರಡಿಯೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದರು. ಚಿತ್ರವನ್ನೂ ತೋರಿಸಿದರು. ಬೀಗರು ಕುರ್ಚಿ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಾನು ಓಡಿಹೋಗಿ ಮತ್ತೆ ನಾಡಿ ಹಿಡಿದೆ. ಎಂಬತ್ತು, ಕ್ರಮಬದ್ಧ. ಆಮೇಲೆ ಅವರೇ ನನ್ನ ಮಣಿಕಟ್ಟು ಹಿಡಿದು, "ಅಕ್ಕಾರ, ನಿಮ್ದು ಬಾಳ ಜೋರು ಓಡಾಕತ್ತೈತಿ, ನೀವ ಕುಂದ್ರಿ," ಎಂದರು. ಅದೇ ಕುರ್ಚಿ, ಅದೇ ಎರಡು ತಲೆದಿಂಬು!

ಆದರೆ ನೀರನ್ನು ಬೊಗಸೆಯಲ್ಲಿ ಎತ್ತಿ ನೋಡಿದಾಗ ಬೀಗರ ಮುಖದ ನಗು ಕಡಿಮೆಯಾಯಿತು.

"ಬಾಳ ಸ್ವಚ್ಛ ಮಾಡೀರಿ. ಅದ ಈಗ ತ್ರಾಸು. ಹಳೇ ನೀರಿನ್ಯಾಗ, ಆ ಸ್ಪಂಜಿನ್ಯಾಗ ಕಣ್ಣಿಗೆ ಕಾಣದ ಜೀವ ಇರತಾವ್ರಿ. ಮೀನಿನ ಹೊಲಸು ಅವ ಅರಗಸ್ತಾವ. ಹಾಲಿಗೆ ಹೆಪ್ಪು ಇದ್ದಂಗ. ನೀವು ಸ್ಪಂಜು ಕುದಿಸಿಬಿಟ್ರಿ. ಹಿಂಗ ಬಿಟ್ರ ನಾಕು ದಿನದಾಗ ಖರೇನ ಜಡ್ಡು ಬೀಳತಾನ."

ನಾನು ಕುರ್ಚಿಯಿಂದ ಎದ್ದೆ. "ಹೆಪ್ಪು ಎಲ್ಲಿ ಸಿಗತೈತ್ರಿ?"

"ನಿಂಗವ್ವನ ಮನ್ಯಾಗ ಒಂದು ಅಕ್ವೇರಿಯಂ ಐತಿ. ವಾಸ್ತು ಸಲುವಾಗಿ ಇಟ್ಟಾರ. ಎರಡು ವರ್ಷ ಆತು, ತೊಳದಿಲ್ಲ."

ಎರಡು ವರ್ಷ! ಸ್ಟೀಲಿನ ಡಬ್ಬಿ ತೊಳೆದು, ಒರೆಸಿ, ಮೇಲೆ ಮುಚ್ಚಲು ಇಸ್ತ್ರಿ ಮಾಡಿದ ಬಿಳಿ ಬಟ್ಟೆ ತೆಗೆದುಕೊಂಡು ಹೊರಟೆ. ನಿಂಗವ್ವ ಆಗಷ್ಟೇ ದೇವರ ಮುಂದೆ ದೀಪ ಹಚ್ಚುತ್ತಿದ್ದಳು.

"ನಿಂಗವ್ವ, ನಿಮ್ಮ ಮೀನಿನ ತೊಟ್ಟಿಯಿಂದ ಸ್ವಲ್ಪ ಹೊಲಸು ನೀರು ಬೇಕಾಗಿತ್ತು. ಆ ಸ್ಪಂಜು ಹಿಂಡಿ ಕೊಟ್ರ ಬಾಳ ಉಪಕಾರ ಆಗತೈತಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ದೀಪ ಹಚ್ಚಿದ ಮ್ಯಾಲೆ ನಾವು ಹೆಪ್ಪು, ಉಪ್ಪು ಕೊಡೂದಿಲ್ಲ ನರ್ಸಬಾಯಾರ. ಹೊಲಸಿಗೇನು ಅಡ್ಡಿ ಇಲ್ಲ, ತಗೊಂಡು ಹೋಗ್ರಿ!"

ಸ್ಪಂಜು ಹಿಂಡಿದಳು. ಕಂದು ರಸ ಡಬ್ಬಿಗೆ ಇಳಿಯಿತು. "ಇನ್ನೂ ಬೇಕೇನ್ರಿ? ನಮ್ಮಲ್ಲಿ ರಗಡ ಐತಿ," ಎಂದು ಹೆಮ್ಮೆಯಿಂದ ಕೇಳಿದಳು. ಬೇಕು ಎಂದೆ.

ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಆ ದಿನದ ಕೊನೆಯ ಕೆಲಸ ಮುಗಿಯಿತು. ಎಲ್ಲರೂ ಸುತ್ತ ನಿಂತು ನೋಡುತ್ತಿರಲು, ನಾನು ತೊಳೆದು ಬೆಳಗಿದ ತೊಟ್ಟಿಯ ತಿಳಿನೀರಿಗೆ ಎರಡು ವರ್ಷದ ಹೊಲಸನ್ನು ನನ್ನ ಕೈಯಿಂದಲೇ, ಒಂದು ಹನಿಯೂ ಹೊರಗೆ ಚೆಲ್ಲದಂತೆ ಸುರಿದೆ. ಆಮೇಲೆ ಡಬ್ಬಿಯ ತಳದಲ್ಲಿ ಇನ್ನಷ್ಟು ಅಂಟಿಕೊಂಡಿದೆಯೇನೋ ಎಂದು ಬೆರಳು ಹಾಕಿ ಬಳಿದೆ.